ಸಿನಿಮಾ ಕಲಿಯುವವರ ಹಾಜರಿ ಕ್ಲಾಸಿನ ಹೊರಗೂ ಬೀಳಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಒಬ್ಬ ತಂದೆ ತಮ್ಮ ಮಗನ ಬಗ್ಗೆ ಬರೆದಿದ್ದರು. ಮಗ ಪಿಯುಸಿ ಮುಗಿಸಿದ್ದಾನೆ, ಸಿನಿಮಾನೇ ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾನೆ, ಸಾಲ ಮಾಡಿ ಕಾಲೇಜಿಗೆ ಸೇರಿಸಬೇಕೋ ಇಲ್ಲ ಯಾರಾದರೂ ಡೈರೆಕ್ಟರ್ ಹತ್ತಿರ ಅಸಿಸ್ಟೆಂಟ್ ಆಗಿ ಬಿಡಬೇಕೋ, ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ ಅಂತ. ಅದನ್ನು ಓದಿದ ಮೇಲೆ ನನಗೆ ಸುಮ್ನೆ ಕೂರಲು ಆಗಲಿಲ್ಲ. ಮೂರು ವರ್ಷದ ಹಿಂದೆ ನಮ್ಮ ಮನೆಯ ಜಗಲಿಯಲ್ಲೂ ಇದೇ ಮಾತು ನಡೆದಿತ್ತು. ಅಪ್ಪ ಆವತ್ತು ಕವಳ ಹಾಕಿಕೊಂಡು ತುಂಬಾ ಹೊತ್ತು ಅಂಗಳ ನೋಡುತ್ತಾ ಕೂತಿದ್ದರು.

ನಾನು ಸಾಗರದ ಹತ್ತಿರದ ಹಳ್ಳಿಯವಳು. ಈಗ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಸಿನಿಮಾ ಕೋರ್ಸಿನ ಕೊನೆಯ ವರ್ಷದಲ್ಲಿದ್ದೇನೆ. ಆ ತಂದೆಗೆ ನಾನು ಹೇಳುವುದು ಇಷ್ಟೇ ಸರ್, ಎರಡೂ ಬೇಕು, ಅದೂ ಒಟ್ಟೊಟ್ಟಿಗೇ ಬೇಕು. ಕಷ್ಟ ಏನೆಂದರೆ ಒಟ್ಟಿಗೆ ಮಾಡಲು ಈಗ ಸರಿಯಾದ ದಾರಿ ಇಲ್ಲ. ಸೆಟ್‌ಗೆ ಹೋದರೆ ಕಾಲೇಜಿನಲ್ಲಿ ಹಾಜರಿ ಹೋಗುತ್ತದೆ. ಕಾಲೇಜಿನಲ್ಲೇ ಕೂತಿದ್ದರೆ, ಕೋರ್ಸ್ ಮುಗಿಸಿ ಕೆಲಸ ಕೇಳಲು ಹೋದ ದಿನ ‘ಎಷ್ಟು ಸಿನಿಮಾ ಮಾಡಿದ್ದೀಯಾ?’ ಎಂದು ಕೇಳುತ್ತಾರೆ. ಇದನ್ನು ಕಾಲೇಜಿನವರೂ ಚಿತ್ರರಂಗದವರೂ ಕೂತು ಸರಿ ಮಾಡಬೇಕು ಅಂತ ಕೇಳಿಕೊಳ್ಳಲು ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಹಾಕಿ.

ಎರಡನೇ ವರ್ಷದ ರಜೆಯಲ್ಲಿ ಒಂದು ಕನ್ನಡ ಸಿನಿಮಾದ ಶೂಟಿಂಗ್ ನಮ್ಮ ಕಡೆಗೇ ಬಂತು. ನಮ್ಮೂರಿನಿಂದ ಎಂಟು ಕಿಲೋಮೀಟರ್ ದೂರದ ಒಂದು ಹಳೇ ಮನೆಯಲ್ಲಿ. ಪರಿಚಯದವರ ಪರಿಚಯದವರನ್ನು ಹಿಡಿದು, ಮೂರು ದಿನ ಹೋಗಿ ಗೇಟಿನಲ್ಲಿ ನಿಂತು ಕೇಳಿದ ಮೇಲೆ ಕ್ಲ್ಯಾಪ್ ಹೊಡೆಯಲು ಸೇರಿಸಿಕೊಂಡರು. ಕ್ಲ್ಯಾಪ್ ಅಂದರೆ ಎಲ್ಲರಿಗೂ ಗೊತ್ತಿರುವ ಹಲಗೆ. ಸೀನ್ ನಂಬರ್, ಶಾಟ್ ನಂಬರ್, ಅದೇ ಶಾಟನ್ನು ಎಷ್ಟನೇ ಸಲ ತೆಗೆಯುತ್ತಿದ್ದಾರೆ ಅನ್ನುವ ಟೇಕ್ ನಂಬರ್ ಬರೆದು ಕ್ಯಾಮೆರಾ ಮುಂದೆ ಹಿಡಿದು ಟಕ್ ಅಂತ ಹೊಡೆದು ಓಡಿ ಬರಬೇಕು. ಕ್ಲಾಸಿನಲ್ಲಿ ಈ ಪಾಠ ಹತ್ತು ನಿಮಿಷದಲ್ಲಿ ಮುಗಿದಿತ್ತು. ಇದರಲ್ಲಿ ಕಲಿಯುವುದು ಏನಿದೆ ಅಂತಲೇ ನಾನೂ ಅಂದುಕೊಂಡಿದ್ದೆ.

ಎರಡನೇ ದಿನ ನನ್ನಿಂದ ಎರಡು ತಪ್ಪಾಯಿತು. ಒಂದು ಕಡೆ ಟೇಕ್ ನಂಬರ್ ಬದಲಾಯಿಸುವುದು ಮರೆತು, ಒಂದೇ ನಂಬರಿನ ಎರಡು ಟೇಕ್ ಆದವು. ಇನ್ನೊಂದು ಕಡೆ ಹಲಗೆಯ ಎರಡು ಪಟ್ಟಿ ಕೂಡುವ ಜಾಗದಲ್ಲೇ ನನ್ನ ಬೆರಳು ಅಡ್ಡ ಬಂದಿತ್ತು. ಸೆಟ್‌ನಲ್ಲಿ ಯಾರಿಗೂ ಅದು ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಶೂಟಿಂಗ್ ಮುಗಿದು ಒಂದು ತಿಂಗಳಾದ ಮೇಲೆ, ಎಡಿಟಿಂಗ್ ಹೇಗೆ ಮಾಡುತ್ತಾರೆ ನೋಡಬೇಕು ಅಂತ ಎಡಿಟರ್ ಅವರ ರೂಮಿಗೆ ಹೋದಾಗ ಅವರೇ ಆ ಎರಡು ಕ್ಲಿಪ್ ತೆಗೆದು ತೋರಿಸಿದರು. ಬೈಯಲಿಲ್ಲ. ಪಕ್ಕದಲ್ಲಿ ಕುರ್ಚಿ ಎಳೆದು ಕೂರಿಸಿಕೊಂಡರು.

ಅದು ಸಿಂಕ್ ಸೌಂಡ್ ಸಿನಿಮಾ. ಆಮೇಲೆ ಡಬ್ಬಿಂಗ್ ಮಾಡುವುದಿಲ್ಲ, ಶೂಟಿಂಗ್ ಜಾಗದಲ್ಲಿ ನಟರು ಆಡಿದ ಮಾತನ್ನೇ ಉಳಿಸಿಕೊಳ್ಳುತ್ತಾರೆ. ಚಿತ್ರ ಕ್ಯಾಮೆರಾದಲ್ಲಿ ಇರುತ್ತದೆ, ಮಾತು ಬೇರೆ ರೆಕಾರ್ಡರ್‌ನಲ್ಲಿ ಇರುತ್ತದೆ. ಎರಡನ್ನೂ ಜೋಡಿಸಲು ಇರುವ ಗುರುತು ಆ ‘ಟಕ್’. ಕಂಪ್ಯೂಟರ್ ಪರದೆ ಮೇಲೆ ಸದ್ದು ಒಂದು ಗೆರೆಯ ಹಾಗೆ ಕಾಣುತ್ತದೆ, ಕ್ಲ್ಯಾಪ್ ಬಿದ್ದ ಕಡೆ ಆ ಗೆರೆ ಮುಳ್ಳಿನ ಹಾಗೆ ಮೇಲೆದ್ದಿರುತ್ತದೆ. ಆ ಮುಳ್ಳನ್ನು ತಂದು, ಪಟ್ಟಿಗಳು ಕೂಡಿದ ಫ್ರೇಮಿನ ಕೆಳಗೆ ನಿಲ್ಲಿಸಬೇಕು. ಒಂದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಎರಡು ಮೂರು ಫ್ರೇಮ್ ಆಚೀಚೆ ಆದರೆ ಸಾಕು, ತುಟಿ ಒಂದು ಕಡೆ ಮಾತು ಒಂದು ಕಡೆ ಹೋಗಿ ನೋಡುವವರಿಗೆ ಕಿರಿಕಿರಿ ಶುರುವಾಗುತ್ತದೆ. ನನ್ನ ಬೆರಳು ಅಡ್ಡ ಬಂದಿದ್ದರಿಂದ ಆ ಫ್ರೇಮ್ ಯಾವುದು ಅಂತ ಕಾಣುತ್ತಿರಲಿಲ್ಲ. ಅವರು ನಟಿಯ ತುಟಿಯಲ್ಲಿ ‘ಪ’ ಅಕ್ಷರ ಹುಡುಕಿ, ತುಟಿ ಮುಚ್ಚಿ ತೆರೆದ ಫ್ರೇಮಿಗೆ ಸದ್ದನ್ನು ಕೂರಿಸಿದ್ದರು. ಅದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆವತ್ತಿನಿಂದ ನನ್ನ ಕ್ಲ್ಯಾಪ್ ಹಿಡಿಯುವ ರೀತಿಯೇ ಬೇರೆ. ಕೈ ಕೆಳಗೆ, ಹಲಗೆ ನೇರ, ಬೆಳಕು ಬಿದ್ದು ಅಕ್ಷರ ಹೊಳೆಯದ ಹಾಗೆ ಸ್ವಲ್ಪ ಬಾಗಿಸಿ. ನಟರ ಮುಖದ ಹತ್ತಿರ ಹೊಡೆಯಬೇಕಾದಾಗ ಮೆಲ್ಲಗೆ. ಅಳುವ ದೃಶ್ಯಕ್ಕೆ ಮನಸ್ಸು ಸಿದ್ಧ ಮಾಡಿಕೊಂಡು ಕೂತವರ ಕಿವಿ ಹತ್ತಿರ ಪಟಾರ್ ಅಂತ ಹೊಡೆದರೆ ಅವರ ಕೆಲಸ ಕೆಟ್ಟುಹೋಗುತ್ತದೆ ಅಲ್ವಾ? ಇದನ್ನು ನನಗೆ ಯಾರೂ ಪಾಠ ಮಾಡಲಿಲ್ಲ. ಒಬ್ಬರು ಹಿರಿಯ ನಟಿ, ಶಾಟ್ ಆದ ಮೇಲೆ ‘ಮಗಾ, ಇದಕ್ಕೆ ಸ್ವಲ್ಪ ಮೆತ್ತಗೆ ಹೊಡಿ’ ಅಂದರು, ಅಷ್ಟೇ.

ಇನ್ನೊಂದು ದಿನದ ಮಾತು. ಅಡುಗೆಮನೆಯಲ್ಲಿ ಶೂಟಿಂಗ್. ಮಲೆನಾಡಿನ ಹಳೇ ಅಡುಗೆಮನೆ ನಿಮಗೆ ಗೊತ್ತಿರಬಹುದು. ಒಂದೇ ಕಿಟಕಿ, ಅದಕ್ಕೂ ದಪ್ಪ ಮರದ ಸರಳು, ಗೋಡೆ ಹೊಗೆ ಕುಡಿದು ಕಪ್ಪಾಗಿತ್ತು. ಅಜ್ಜಿ ಬೆಳಿಗ್ಗೆ ಒಲೆ ಹಚ್ಚುವ ದೃಶ್ಯ. ನಾನು ದೊಡ್ಡ ದೊಡ್ಡ ಲೈಟ್ ಒಳಗೆ ಬರುತ್ತವೆ ಅಂತ ಕಾಯುತ್ತಿದ್ದೆ. ಲೈಟ್ ವಿಭಾಗದ ಹಿರಿಯರೊಬ್ಬರು, ಎಲ್ಲರೂ ಅಣ್ಣ ಅಂತ ಕರೆಯುತ್ತಿದ್ದರು, ‘ಬಿಸಿಲು ಇದೆಯಲ್ಲ ಪುಟ್ಟಾ, ಅದನ್ನೇ ಒಳಗೆ ಕರೆಯೋಣ’ ಅಂದರು. ಅಂಗಳದಲ್ಲಿ ಒಂದು ರಿಫ್ಲೆಕ್ಟರ್ ನಿಲ್ಲಿಸಿ ಬಿಸಿಲನ್ನು ಕಿಟಕಿಯಿಂದ ಒಳಗೆ ಬಿಟ್ಟರು. ಒಳಗೆ ಕ್ಯಾಮೆರಾಗೆ ಕಾಣದ ಮೂಲೆಯಲ್ಲಿ ಒಂದು ಥರ್ಮಾಕೋಲ್ ಹಲಗೆ. ಬಿಸಿಲು ಅದಕ್ಕೆ ತಾಗಿ ಮೆತ್ತಗಾಗಿ ಅಜ್ಜಿಯ ಕೆನ್ನೆಗೆ ಬಂತು. ಆಮೇಲೆ ಅವರು ಮಾಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ಕಪ್ಪು ಬಟ್ಟೆ ತಂದು, ಹಿಂದಿನ ಗೋಡೆಗೆ ಬೀಳುತ್ತಿದ್ದ ಬೆಳಕನ್ನು ತಡೆದರು. ಗೋಡೆ ಮತ್ತೆ ಕಪ್ಪಾಯಿತು, ಮುಖ ಮಾತ್ರ ಉಳಿಯಿತು. ಸೂರ್ಯ ಸರಿದ ಹಾಗೆಲ್ಲ ಹತ್ತು ನಿಮಿಷಕ್ಕೊಮ್ಮೆ ಅಂಗಳಕ್ಕೆ ಹೋಗಿ ರಿಫ್ಲೆಕ್ಟರ್ ತಿರುಗಿಸಿ ಬರುತ್ತಿದ್ದರು. ಅವರು ಓದಿದ್ದು ಏಳನೇ ಕ್ಲಾಸು.

ಆ ರಾತ್ರಿ ಮನೆಗೆ ಬಂದು, ಕ್ಯಾಮೆರಾಮನ್ ವಿ.ಕೆ. ಮೂರ್ತಿ ಅವರ ಬಗ್ಗೆ ಕ್ಲಾಸಿನಲ್ಲಿ ಬರೆದುಕೊಂಡಿದ್ದ ನೋಟ್ಸ್ ಮತ್ತೆ ತೆಗೆದೆ. ಮೂರ್ತಿಯವರು ಮೈಸೂರಿನವರು. 1940ರ ದಶಕದಲ್ಲಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಕಲಿತವರು. 1959ರಲ್ಲಿ ಬಂದ ಹಿಂದಿ ಸಿನಿಮಾ ‘ಕಾಗಜ್ ಕೆ ಫೂಲ್’ನಲ್ಲಿ ಮೇಲಿನಿಂದ ಬೀಳುವ ಆ ಬೆಳಕಿನ ಕೋಲು ಇದೆಯಲ್ಲ, ಅದಕ್ಕೆ ಅವರು ಸ್ಟುಡಿಯೋ ಲೈಟ್ ನಂಬಲಿಲ್ಲ. ಹೊರಗೆ ಒಂದು ದೊಡ್ಡ ಕನ್ನಡಿ ಇಟ್ಟು ಬಿಸಿಲನ್ನು ಒಳಗೆ ತಂದು, ಒಳಗೆ ಮೇಲಿಟ್ಟ ಇನ್ನೊಂದು ಕನ್ನಡಿಯಿಂದ ಕೆಳಗೆ ಇಳಿಸಿದ್ದರು. ಪರೀಕ್ಷೆಗೆ ಇದನ್ನು ನಾನು ಬಾಯಿಪಾಠ ಮಾಡಿದ್ದೆ, ಅಂಕವೂ ಬಂದಿತ್ತು. ಆದರೆ ಅದು ನಿಜವಾಗಿ ನನಗೆ ಅರ್ಥ ಆಗಿದ್ದು ಆ ಅಡುಗೆಮನೆಯಲ್ಲಿ, ಅಣ್ಣ ಅಂಗಳಕ್ಕೂ ಒಳಗೂ ಓಡಾಡುವುದನ್ನು ನೋಡಿದಾಗ.

ಮೂರ್ತಿಯವರ ವಿಷಯದಲ್ಲೇ ಇನ್ನೂ ಒಂದು ಮಾತಿದೆ. 1951ರ ‘ಬಾಜಿ’ ಸಿನಿಮಾದಲ್ಲಿ ಅವರು ಕ್ಯಾಮೆರಾಮನ್ ಅಲ್ಲ, ಕ್ಯಾಮೆರಾ ಅಸಿಸ್ಟೆಂಟ್. ಒಂದು ಕಷ್ಟದ ಶಾಟನ್ನು ಹೀಗೆ ತೆಗೆಯಬಹುದು ಎಂದು ಡೈರೆಕ್ಟರ್ ಗುರುದತ್ ಅವರಿಗೆ ಹೇಳಿ, ನಾನೇ ಒಂದು ಸಲ ಪ್ರಯತ್ನ ಮಾಡಲಾ ಎಂದು ಕೇಳಿ, ತೆಗೆದು ತೋರಿಸಿದರು. ಮುಂದಿನ ವರ್ಷದ ‘ಜಾಲ್’ಗೆ ಗುರುದತ್ ಅವರನ್ನೇ ಕ್ಯಾಮೆರಾಮನ್ ಮಾಡಿಕೊಂಡರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು, ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು. ಆ ಶಾಟ್ ತೆಗೆಯುವ ವಿದ್ಯೆ ಕಾಲೇಜಿನಿಂದ ಬಂದಿರಬಹುದು. ಆದರೆ ಆವತ್ತು ಆ ಸೆಟ್‌ನಲ್ಲಿ ಅವರು ನಿಂತಿರದಿದ್ದರೆ ಕೇಳುವುದು ಯಾರನ್ನು?

ಗಿರೀಶ ಕಾಸರವಳ್ಳಿ ಅವರನ್ನೇ ನೋಡಿ. ನಮ್ಮ ಪಕ್ಕದ ತೀರ್ಥಹಳ್ಳಿ ಕಡೆಯವರು. ಫಾರ್ಮಸಿ ಓದಿ, ಅದನ್ನು ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದರು, ಚಿನ್ನದ ಪದಕ ತಗೊಂಡರು. ಬರೀ ಪದಕ ಹಿಡಿದುಕೊಂಡು ಡೈರೆಕ್ಟರ್ ಕುರ್ಚಿಯಲ್ಲಿ ಕೂರಲಿಲ್ಲ. ‘ಚೋಮನ ದುಡಿ’ಯಲ್ಲಿ ಬಿ.ವಿ. ಕಾರಂತರ ಅಸಿಸ್ಟೆಂಟ್ ಆಗಿಯೂ ಕೆಲಸ ಮಾಡಿದರು. ಆಮೇಲೆ 1977ರಲ್ಲಿ ‘ಘಟಶ್ರಾದ್ಧ’ ಬಂತು, ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣ ಕಮಲ ಬಂತು. ಇನ್ನು ಕಾರಂತರು ಯಾರು? ಹುಡುಗನಾಗಿದ್ದಾಗಲೇ ಗುಬ್ಬಿ ನಾಟಕ ಕಂಪನಿ ಸೇರಿದವರು. ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್, ಇವರೆಲ್ಲ ಅದೇ ಗುಬ್ಬಿ ಕಂಪನಿಯಲ್ಲಿ ಇದ್ದವರು. ಕ್ಯಾಂಪಿನಿಂದ ಕ್ಯಾಂಪಿಗೆ ಸಾಮಾನು ಹೊತ್ತು, ಪರದೆ ಕಟ್ಟಿ, ಬಣ್ಣ ಹಚ್ಚಿ, ಸಿಕ್ಕಿದ ಪಾರ್ಟು ಮಾಡಿ ಕಲಿತ ಜನ. ಕನ್ನಡ ಸಿನಿಮಾ ನಿಂತಿರುವುದೇ ಇಂಥ ಕಲಿಕೆ ಮೇಲೆ. ಹಾಗಿರುವಾಗ ಸಿನಿಮಾ ಕಾಲೇಜುಗಳು ಹೊರಗೆ ಹೋದ ಮಕ್ಕಳನ್ನು ಯಾಕೆ ಗೈರುಹಾಜರಿ ಅಂತ ಬರೆಯಬೇಕು?

ಹೌದು, ನನ್ನನ್ನೂ ಹಾಗೇ ಬರೆದರು. ಆ ವರ್ಷ ನಮ್ಮ ಕಡೆ ಮಳೆ ಬೇಗ ಹಿಡಿದು ಶೂಟಿಂಗ್ ಮುಂದೆ ಹೋಯಿತು. ಕಾಲೇಜು ಶುರುವಾಗಿ 11 ದಿನ ನಾನು ಹೋಗಲಾಗಲಿಲ್ಲ. ಆಮೇಲೆ ಜ್ವರ ಬಂದು ಇನ್ನೂ ಸ್ವಲ್ಪ ದಿನ ಹೋಯಿತು. ಸೆಮಿಸ್ಟರ್ ಕೊನೆಗೆ ಹಾಜರಿ 75 ಪರ್ಸೆಂಟ್ ಮುಟ್ಟಲಿಲ್ಲ, ಹಾಲ್ ಟಿಕೆಟ್ ಕೊಡುವುದಿಲ್ಲ ಎಂದರು. ಸೆಟ್‌ನ ಪತ್ರ ತೋರಿಸಿದೆ, ಯಾವ ದಿನ ಯಾರು ಬರಬೇಕು ಅಂತ ಬರೆದಿರುವ ಕಾಲ್‌ಶೀಟ್ ತೋರಿಸಿದೆ, ಕ್ಲ್ಯಾಪ್ ಹಿಡಿದ ಫೋಟೋ ತೋರಿಸಿದೆ. ‘ಇದಕ್ಕೆಲ್ಲ ನಿಯಮದಲ್ಲಿ ಜಾಗ ಇಲ್ಲಮ್ಮ’ ಅಂದರು. ಅಪ್ಪ ರಾತ್ರಿ ಬಸ್ಸಿಗೆ ಬಂದು, ಬೆಳಿಗ್ಗೆ ಮುಚ್ಚಳಿಕೆಗೆ ಸಹಿ ಹಾಕಿ, ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋದರು. ಕಾಲೇಜಿನ ಗೇಟಿನ ಹೊರಗೆ ನಿಂತು ನನಗೆ ಏನೂ ಅನ್ನಲಿಲ್ಲ. ‘ಊಟ ಮಾಡು’ ಅಂತ 200 ರೂಪಾಯಿ ಕೊಟ್ಟು ಹೋದರು. ನಾನು ಸಿನಿಮಾ ಕಲಿಯಲು ಹೋಗಿದ್ದಕ್ಕೆ ಸಿನಿಮಾ ಕಾಲೇಜಿನಲ್ಲಿ ಅಪ್ಪ ತಪ್ಪೊಪ್ಪಿಗೆ ಬರೆದುಕೊಡಬೇಕಾಯಿತಲ್ಲ ಎಂಬ ನೋವು ನನಗೆ ಇನ್ನೂ ಹೋಗಿಲ್ಲ.

ಡಾಕ್ಟರ್ ಆಗುವವರಿಗೆ ಒಂದು ವರ್ಷ ಆಸ್ಪತ್ರೆಯಲ್ಲಿ ಹೌಸ್‌ಸರ್ಜನ್ ಕೆಲಸ ಕಡ್ಡಾಯ. ಬಿ.ಎಡ್. ಮಾಡುವವರು ಶಾಲೆಗೆ ಹೋಗಿ ಪಾಠ ಮಾಡಿ ಬರಬೇಕು. ನರ್ಸಿಂಗ್ ಮಕ್ಕಳು ವಾರ್ಡಿನಲ್ಲಿ ನಿಲ್ಲುತ್ತಾರೆ. ಅವರನ್ನು ಯಾರಾದರೂ ಗೈರುಹಾಜರಿ ಅನ್ನುತ್ತಾರಾ? ಇಷ್ಟೆಲ್ಲ ಯಾಕೆ, ಎನ್‌ಎಸ್‌ಎಸ್ ಕ್ಯಾಂಪಿಗೆ ಹೋದರೆ, ಕ್ರೀಡಾಕೂಟಕ್ಕೆ ಹೋದರೆ ನಮ್ಮ ಕಾಲೇಜೇ ಹಾಜರಿ ಕೊಡುತ್ತದೆ. ಅದು ಸರಿಯೇ, ಕೊಡಲೇಬೇಕು. ಸೆಟ್‌ಗೆ ಹೋದವರಿಗೂ ಅಷ್ಟೇ ಮರ್ಯಾದೆ ಕೊಡಿ ಅಂತ ಕೇಳುವುದು ಜಾಸ್ತಿಯಾ?

ಕ್ಲಾಸು ಬೇಡ ಅಂತ ನಾನು ಹೇಳುತ್ತಿಲ್ಲ, ಯಾರೂ ತಪ್ಪು ತಿಳಿಯಬಾರದು. ಇಬ್ಬರು ಎದುರುಬದುರು ಕೂತು ಮಾತಾಡುವಾಗ ಕ್ಯಾಮೆರಾ ಅವರ ನಡುವಿನ ಗೆರೆ ದಾಟಿದರೆ, ಪರದೆ ಮೇಲೆ ಇಬ್ಬರೂ ಒಂದೇ ದಿಕ್ಕಿಗೆ ನೋಡಿದ ಹಾಗೆ ಕಾಣುತ್ತದೆ. ಇದನ್ನು ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಗೆರೆ ಎಳೆದು, ಎರಡು ಕುರ್ಚಿ ಇಟ್ಟು, ನಮ್ಮನ್ನೇ ಕೂರಿಸಿ ತೋರಿಸಿದ್ದರು. ಸೆಟ್‌ನಲ್ಲಿ ಎಲ್ಲರೂ ಆ ಗೆರೆ ಬಗ್ಗೆ ಪಿಸಪಿಸ ಮಾತಾಡುವಾಗ ನನಗೆ ವಿಷಯ ಗೊತ್ತಿತ್ತು. ಹಾಗೆ ಗೊತ್ತಿಲ್ಲದೆ ಹೋದವರಿಗೆ ನಿಂತು ಹೇಳಿಕೊಡಲು ಶೂಟಿಂಗ್‌ನಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಅದಕ್ಕೇ ಆ ತಂದೆಗೆ ಎರಡೂ ಬೇಕು ಅಂದಿದ್ದು.

ಸೆಟ್ ಒಂದೇ ಅಲ್ಲ, ಹೊರಗೆ ಕಲಿಯುವ ಜಾಗ ಇನ್ನೂ ಎಷ್ಟೋ ಇವೆ. ಸೌಂಡ್ ಕ್ಲಾಸಿನಲ್ಲಿ ಒಂದು ಅಸೈನ್‌ಮೆಂಟ್ ಕೊಟ್ಟಿದ್ದರು, ನಿಮ್ಮ ಊರಿನ ಐದು ಸದ್ದು ರೆಕಾರ್ಡ್ ಮಾಡಿ ತನ್ನಿ ಅಂತ. ಮಲೆನಾಡಿನವಳು ನಾನು, ಮಳೆ ಇರುವಾಗ ಇನ್ನೇನು ಅಂತ ಹೊರಗೆ ಗದ್ದೆ ಬದಿಯಲ್ಲಿ ಛತ್ರಿ ಹಿಡಿದು ರೆಕಾರ್ಡ್ ಮಾಡಿದೆ. ಕೇಳಿದರೆ ಬರೀ ಸೊಂಯ್ ಅಂತ, ಟಿವಿಯಲ್ಲಿ ಚಾನೆಲ್ ಬರದಿದ್ದಾಗ ಬರುವ ಸದ್ದಿನ ಹಾಗೆ. ಛತ್ರಿಯ ಪಟಪಟ ಬೇರೆ. ಅಮ್ಮ ಅದನ್ನು ಕೇಳಿ ‘ಇದು ಮಳೆನಾ? ಬಾಣಲೆಯಲ್ಲಿ ಏನೋ ಕರಿದ ಹಾಗಿದೆ’ ಅಂದರು. ಎರಡು ದಿನ ತಲೆಕೆಡಿಸಿಕೊಂಡ ಮೇಲೆ ಹೊಳೆಯಿತು, ಮಳೆಯ ಸದ್ದು ಅಂದರೆ ಅದು ಬಿದ್ದ ವಸ್ತುವಿನ ಸದ್ದು. ರೆಕಾರ್ಡರ್ ತಗೊಂಡು ಮನೆ ಸುತ್ತ ತಿರುಗಿದೆ. ಹೆಂಚಿನ ಮೇಲೆ ಬಿದ್ದರೆ ಒಂದು ಸದ್ದು, ಬಚ್ಚಲಿನ ಹಿಂದಿನ ತಗಡಿನ ಮೇಲೆ ಬಿದ್ದರೆ ಇನ್ನೊಂದು. ಕೆಸುವಿನ ಎಲೆ ಮೇಲೆ ದಪ್ಪ ಹನಿ ಬಿದ್ದು ಜಾರಿ ಹೋಗುವ ಸದ್ದು ಕೇಳಲು ಮೈಕನ್ನು ಎಲೆ ಕೆಳಗೇ ಹಿಡಿಯಬೇಕು. ಸೂರಿನ ನೀರು ಬೀಳುವ ಕಡೆ ಒಂದು ಅಡಿಕೆ ಹಾಳೆ ಬೋರಲು ಹಾಕಿದೆ. ಆಗ ಬಂತು ನೋಡಿ, ಡೊಳ್ಳಿನ ಹಾಗೆ ತುಂಬಿದ ಸದ್ದು. ಮಳೆ ನಿಂತ ಮೇಲೆ ತೋಟದಲ್ಲಿ ಮರದಿಂದ ಹನಿ ಉದುರುವುದು, ಅದರ ಹಿಂದೆ ಜೀರುಂಡೆ ಒಂದೊಂದಾಗಿ ಶುರು ಮಾಡುವುದು. ಒಟ್ಟು 14 ಮಳೆ ಆಯಿತು ನನ್ನ ಹತ್ತಿರ. ಈಗ ಯಾವ ಸಿನಿಮಾದಲ್ಲಿ ಮಳೆ ಬಂದರೂ ಇದು ಯಾವುದರ ಮೇಲೆ ಬೀಳುತ್ತಿದೆ ಅಂತ ಕಿವಿ ಹುಡುಕುತ್ತದೆ. ಕಾಡಿನ ದೃಶ್ಯಕ್ಕೆ ತಗಡಿನ ಮಳೆ ಹಾಕಿದ್ದರೆ ತಕ್ಷಣ ಗೊತ್ತಾಗುತ್ತದೆ.

ಮದುವೆ ವಿಡಿಯೋ ಕೆಲಸಕ್ಕೂ ಹೋಗುತ್ತೇನೆ. ನಮ್ಮ ಕ್ಲಾಸಿನಲ್ಲಿ ಕೆಲವರು ಅದನ್ನು ಕೀಳಾಗಿ ನೋಡುತ್ತಾರೆ, ಅದು ತಪ್ಪು. ಧಾರೆ ಹೊತ್ತಿಗೆ ಪುರೋಹಿತರು ಅಡ್ಡ, ಸೋದರಮಾವ ಅಡ್ಡ, ಅಕ್ಷತೆ ಹಾಕುವವರೆಲ್ಲ ಅಡ್ಡ. ತಾಳಿ ಕಟ್ಟುವುದು ಒಂದೇ ಸಲ, ಎರಡನೇ ಟೇಕ್ ಕೇಳುವ ಹಾಗಿಲ್ಲ. ಎಲ್ಲಿ ನಿಲ್ಲಬೇಕು, ಯಾರ ಮುಖ ಈಗ ಅಳುತ್ತದೆ ಅಂತ ಮೊದಲೇ ಊಹೆ ಮಾಡಬೇಕು. ನಾನು ನೋಡಿದ ಹಾಗೆ ಹುಡುಗಿಯ ಅಪ್ಪ ಅಳುವುದು ಧಾರೆ ಹೊತ್ತಿನಲ್ಲಿ ಅಲ್ಲ, ಆಮೇಲೆ ಊಟದ ಪಂಕ್ತಿಯ ಕೊನೆಯಲ್ಲಿ ಒಬ್ಬರೇ ನಿಂತಿರುವಾಗ.

ಇನ್ನು ಹೆಗ್ಗೋಡು. ನಮಗೆ ಅದು ಮನೆಯ ಹಿತ್ತಲಿದ್ದ ಹಾಗೆ. ಅಲ್ಲಿನ ನಾಟಕ ಸಂಸ್ಥೆ ನೀನಾಸಂ 1949ರಲ್ಲೇ ಶುರುವಾಗಿದ್ದು, ಅಲ್ಲಿ ಚಿತ್ರಸಮಾಜ ಅಂತ ಮಾಡಿ ಹಳ್ಳಿ ಜನಕ್ಕೆ ಪ್ರಪಂಚದ ಸಿನಿಮಾ ತೋರಿಸಲು ಶುರು ಮಾಡಿದ್ದು 1973ರಲ್ಲಿ. ನಮ್ಮ ಅಜ್ಜ ತೋಟದ ಕೆಲಸ ಮುಗಿಸಿ ನಡೆದುಕೊಂಡು ಹೋಗಿ ಅಲ್ಲಿ ಇಟಲಿಯ ಸಿನಿಮಾ ‘ಬೈಸಿಕಲ್ ಥೀವ್ಸ್’ ನೋಡಿ ಬಂದಿದ್ದರಂತೆ. ಇಟಲಿ ಎಲ್ಲಿದೆ ಅಂತ ಅಜ್ಜನಿಗೆ ಗೊತ್ತಿರಲಿಲ್ಲ. ಆದರೆ ಸೈಕಲ್ ಕಳೆದುಕೊಂಡ ಆ ಅಪ್ಪನ ಕೈಯನ್ನು ಮಗ ಹಿಡಿದುಕೊಳ್ಳುವುದನ್ನು, ನಾನು ಚಿಕ್ಕವಳಿದ್ದಾಗ, ನನ್ನ ಕೈ ಹಿಡಿದು ತೋರಿಸುತ್ತಿದ್ದರು. ನಾನು ಆ ಸಿನಿಮಾ ನೋಡಿದ್ದು ಎಷ್ಟೋ ವರ್ಷ ಆದ ಮೇಲೆ, ಕ್ಲಾಸಿನಲ್ಲಿ. ಕೊನೆಯ ದೃಶ್ಯ ಬಂದಾಗ ಅಜ್ಜನ ಒರಟು ಕೈ ನೆನಪಾಗಿ ಪರದೆ ಮಂಜಾಯಿತು. ಅಜ್ಜ ಆಗ ಇರಲಿಲ್ಲ.

ಮನೆಯ ಕಥೆ ಸಿನಿಮಾ ಆಗುವುದಿಲ್ಲ ಅಂತ ಅನುಮಾನ ಇರುವವರಿಗೆ ಒಂದು ಮಾತು. 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಲಾ ಸಿನೆಫ್ ವಿಭಾಗ, ಅಂದರೆ ಸಿನಿಮಾ ಶಾಲೆಗಳ ವಿದ್ಯಾರ್ಥಿಗಳ ವಿಭಾಗದಲ್ಲಿ ಮೊದಲ ಬಹುಮಾನ ಬಂದಿದ್ದು ಒಂದು ಕನ್ನಡ ಚಿತ್ರಕ್ಕೆ. ಇಂಗ್ಲಿಷಿನಲ್ಲಿ ಅದರ ಹೆಸರು ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’. ಮಾಡಿದವರು ಮೈಸೂರಿನ ಚಿದಾನಂದ ಎಸ್. ನಾಯ್ಕ್, ಡಾಕ್ಟರ್ ಓದಿ ಆಮೇಲೆ ಪುಣೆಗೆ ಹೋದವರು. 16 ನಿಮಿಷದ ಚಿತ್ರ, ನಾಲ್ಕು ದಿನದಲ್ಲಿ ತೆಗೆದಿದ್ದು, ಒಂದು ವರ್ಷದ ಟೆಲಿವಿಷನ್ ಕೋರ್ಸಿನ ಕೊನೆಯ ಕೆಲಸವಾಗಿ. ಕಥೆ ನಮಗೆಲ್ಲ ಗೊತ್ತಿರುವುದೇ, ಅಜ್ಜಿ ಹುಂಜ ತಗೊಂಡು ಹೋದರೆ ಊರಿಗೆ ಬೆಳಗಾಗುವುದಿಲ್ಲ ಅನ್ನುವ ಜನಪದ ಕಥೆ. ಕ್ಯಾಮೆರಾ ಹಿಡಿಯುವುದು, ಎಡಿಟ್ ಮಾಡುವುದು ಶಾಲೆಯಲ್ಲಿ ಸಿಕ್ಕಿತು. ಹುಂಜ ಶಾಲೆಯಲ್ಲಿ ಎಲ್ಲಿ ಸಿಗುತ್ತದೆ?

ಈಗ ಚಿತ್ರರಂಗದವರಿಗೆ ಎರಡು ಮಾತು ಹೇಳಲೇಬೇಕು. ನನಗೆ ಆ ಸೆಟ್‌ನಲ್ಲಿ ಕಲಿಸಿದವರೆಲ್ಲ ಒಳ್ಳೆಯವರು. ಊಟದಲ್ಲಿ ಭೇದ ಇರಲಿಲ್ಲ, ಪ್ರೊಡಕ್ಷನ್ ಹುಡುಗರು ಎಷ್ಟು ಹೊತ್ತಾದರೂ ತಟ್ಟೆ ತೆಗೆದಿಡುತ್ತಿದ್ದರು. ಆದರೆ ಬಾಟಾ, ಅಂದರೆ ದಿನದ ಖರ್ಚಿನ ದುಡ್ಡು, ಕೊಡಲಿಲ್ಲ. ಕೇಳಿದಾಗ ‘ಅನುಭವ ಸಿಗ್ತಿದೆಯಲ್ಲಮ್ಮ’ ಅಂದರು. ಅನುಭವ ಸಿಕ್ಕಿತು, ನಿಜ. ಆದರೆ ದಿನಾ ಬೆಳಿಗ್ಗೆ ಐದಕ್ಕೆ ಎಂಟು ಕಿಲೋಮೀಟರ್ ಹೋಗಿ ರಾತ್ರಿ ಬರಲು ನಮ್ಮ ಮನೆಯ ಸ್ಕೂಟರಿಗೆ ಪೆಟ್ರೋಲ್ ಹಾಕಿದ್ದು ಅಪ್ಪ. ಮನೆ ಹತ್ತಿರ ಇತ್ತು, ಅದಕ್ಕೆ ನಾನು ಉಳಿದೆ. ನನ್ನ ಜೊತೆ ಓದುವ ಹುಡುಗಿಯೊಬ್ಬಳು ಬೇರೆ ಸಿನಿಮಾಗೆ, ಬೇರೆ ಊರಿಗೆ ಹೋಗಿದ್ದಳು. ನಾಲ್ಕೇ ದಿನಕ್ಕೆ ವಾಪಸ್ ಬಂದಳು. ಅವಳಿಗೆ ಬೇರೆ ರೂಮ್ ಕೊಟ್ಟಿರಲಿಲ್ಲ, ಬಟ್ಟೆ ಬದಲಾಯಿಸಲು ಜಾಗ ಇರಲಿಲ್ಲ, ಟಾಯ್ಲೆಟ್‌ಗೆ ಪಕ್ಕದ ಮನೆಯವರನ್ನು ಕೇಳಬೇಕಿತ್ತು. ಹುಡುಗಿಯರಿಗೆ ಸಿನಿಮಾ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಕೆಲಸ ಕಷ್ಟ ಅಲ್ಲ ಸ್ವಾಮಿ, ಇದು ಕಷ್ಟ. ಹತ್ತು ಜನ ಕೆಲಸ ಮಾಡುವ ಕಡೆ ಹೆಣ್ಣುಮಕ್ಕಳ ದೂರು ಕೇಳಲು ಒಂದು ಸಮಿತಿ ಇರಬೇಕು ಅಂತ 2013ರಲ್ಲೇ ಕಾನೂನು ಬಂದಿದೆ. ಸೆಟ್‌ಗೆ ಬಂದ ಮೊದಲ ದಿನವೇ ಆ ಸಮಿತಿಯಲ್ಲಿ ಯಾರಿದ್ದಾರೆ, ಯಾರಿಗೆ ಫೋನ್ ಮಾಡಬೇಕು ಅಂತ ಒಂದು ಚೀಟಿ ಅಂಟಿಸಿದರೆ ಎಷ್ಟೋ ತಂದೆತಾಯಿಗೆ ಧೈರ್ಯ ಬರುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ಸಿನಿಮಾ ಕಾಲೇಜುಗಳು ವರ್ಷಕ್ಕೆ 30 ದಿನ ಹೊರಗಿನ ಕೆಲಸಕ್ಕೆ ಅಂತ ಬಿಡಲಿ, ಅದಕ್ಕೆ ಹಾಜರಿ ಕೊಡಲಿ. ಸೆಟ್ ಆಗಬಹುದು, ಎಡಿಟಿಂಗ್ ರೂಮ್ ಆಗಬಹುದು, ನಾಟಕ ತಂಡ, ಯಕ್ಷಗಾನ ಮೇಳದವರು ಬಣ್ಣ ಹಚ್ಚಿಕೊಳ್ಳುವ ಚೌಕಿ ಆಗಬಹುದು. ಹೋಗಿ ಬಂದವರು ಏನು ಕಲಿತೆ ಅಂತ ಕ್ಲಾಸಿನ ಮುಂದೆ ಹೇಳಲಿ, ಅದಕ್ಕೆ ಅಂಕ ಇಡಲಿ. ಸುಳ್ಳು ಪತ್ರ ತರುತ್ತಾರೆ ಅನ್ನುವ ಭಯ ಮೇಷ್ಟ್ರುಗಳಿಗೆ ಇದೆ, ಗೊತ್ತು. ಎದುರಿಗೆ ನಿಲ್ಲಿಸಿ ಹತ್ತು ನಿಮಿಷ ಮಾತಾಡಿಸಿದರೆ ಯಾರು ಹೋಗಿದ್ದರು ಯಾರು ಹೋಗಿರಲಿಲ್ಲ ಅಂತ ಗೊತ್ತಾಗಿಬಿಡುತ್ತದೆ.

ರಾಜ್ಯ ಸರ್ಕಾರ ಪ್ರತಿ ವರ್ಷ ಕನ್ನಡ ಸಿನಿಮಾಗಳಿಗೆ ಸಬ್ಸಿಡಿ ಕೊಡುತ್ತದೆ. ಅದು ಜನರ ದುಡ್ಡು. ಸಬ್ಸಿಡಿ ಕೇಳುವ ಸಿನಿಮಾ ಇಬ್ಬರು ವಿದ್ಯಾರ್ಥಿಗಳನ್ನಾದರೂ ಸೇರಿಸಿಕೊಂಡಿರಬೇಕು, ಬಾಟಾ ಕೊಟ್ಟಿರಬೇಕು, ಟೈಟಲ್‌ನಲ್ಲಿ ಹೆಸರು ಹಾಕಿರಬೇಕು ಎಂದು ಒಂದು ಸಾಲು ಸೇರಿಸಿದರೆ ಸಾಕು. ಚಲನಚಿತ್ರ ಅಕಾಡೆಮಿ ಮತ್ತು ವಾಣಿಜ್ಯ ಮಂಡಳಿ ಸೇರಿ ಯಾವ ಕಾಲೇಜಿನಲ್ಲಿ ಯಾರು ಸಿದ್ಧ ಇದ್ದಾರೆ ಅಂತ ಒಂದು ಪಟ್ಟಿ ಇಟ್ಟುಕೊಂಡರೆ ನಾವು ಪರಿಚಯದವರ ಪರಿಚಯದವರನ್ನು ಹುಡುಕಿಕೊಂಡು ಗೇಟಿನಲ್ಲಿ ನಿಲ್ಲುವುದು ತಪ್ಪುತ್ತದೆ. ನನಗೆ ನಮ್ಮೂರ ಕಡೆ ಶೂಟಿಂಗ್ ಬಂತು, ಸಿಕ್ಕಿತು. ಬೀದರಿನಿಂದಲೋ ಚಾಮರಾಜನಗರದಿಂದಲೋ ಬಂದು ಓದುವವರಿಗೆ ಸಿನಿಮಾದವರ ಗಾಂಧಿನಗರದಲ್ಲಿ ಯಾರ ಪರಿಚಯ ಇರುತ್ತದೆ?

ಒಂದು ವಿಷಯದಲ್ಲಿ ಕಾರ್ಮಿಕ ಒಕ್ಕೂಟದವರ ಆತಂಕ ನ್ಯಾಯವಾದದ್ದು. ಪುಕ್ಕಟೆ ಸಿಗುವ ವಿದ್ಯಾರ್ಥಿಗಳನ್ನು ಇಟ್ಟುಕೊಂಡು, ದುಡಿಯುವವರನ್ನು ಮನೆಗೆ ಕಳಿಸುವ ನಿರ್ಮಾಪಕರು ಇದ್ದರೂ ಇರಬಹುದು. ಹಾಗೆ ಆಗಲೇಬಾರದು. ಆ ಲೈಟ್ ವಿಭಾಗದ ಅಣ್ಣನ ಕೆಲಸ ಅಣ್ಣನದೇ, ನಾವು ಅವರ ಪಕ್ಕದಲ್ಲಿ ನಿಂತು ಕಲಿಯುವವರು. ನಮಗೂ ಬಾಟಾ ಕೊಡಬೇಕು ಎಂಬ ನಿಯಮ ಬಂದರೆ ಪುಕ್ಕಟೆ ಆಸೆಗೆ ನಮ್ಮನ್ನು ಕರೆಯುವುದೂ ನಿಲ್ಲುತ್ತದೆ.

ಆ ತಂದೆಗೆ ಕೊನೆಯದಾಗಿ. ಸರ್, ಫೀಸು ಕಟ್ಟುವ ಮುಂಚೆ ನಿಮ್ಮ ಮಗನನ್ನು ಒಂದು ಸಲ ನಮ್ಮ ಕಡೆಗೆ ಕಳಿಸಿ. ಬರುವ ಜೂನ್ ಕೊನೆಗೆ ನನ್ನ ಕೊನೆಯ ವರ್ಷದ ಚಿತ್ರದ ಶೂಟಿಂಗ್ ಇದೆ, ಐದು ದಿನ, ನಮ್ಮ ಮನೆಯಲ್ಲೇ. ಕ್ಲ್ಯಾಪ್ ಹೊಡೆಯಲು ಒಬ್ಬರು ಬೇಕು. ಊಟ, ಮಲಗಲು ಜಾಗ, ದಿನಕ್ಕೆ 300 ರೂಪಾಯಿ ಬಾಟಾ ಕೊಡುತ್ತೇವೆ, ಟೈಟಲ್‌ನಲ್ಲಿ ಹೆಸರು ಹಾಕುತ್ತೇವೆ. ಬೆರಳು ಎಲ್ಲಿ ಇಡಬೇಕು ಅಂತ ನಾನೇ ಹೇಳಿಕೊಡುತ್ತೇನೆ. ಒಪ್ಪಿಗೆ ಇದ್ದರೆ ಸಂಪಾದಕರಿಗೆ ಒಂದು ಸಾಲು ಬರೆಯಿರಿ, ನನ್ನ ವಿಳಾಸ ಅವರ ಹತ್ತಿರ ಇದೆ. ಆ ಹೊತ್ತಿಗೆ ನಮ್ಮ ಕಡೆ ಮಳೆ ಜೋರು ಇರುತ್ತದೆ, ಎರಡು ಜೊತೆ ಬಟ್ಟೆ ಜಾಸ್ತಿ ತರಲು ಹೇಳಿ.

ಇಂತಿ,
ಒಬ್ಬ ಸಿನಿಮಾ ವಿದ್ಯಾರ್ಥಿನಿ,
ಸಾಗರ ತಾಲ್ಲೂಕು